ಇನ್ನೊಂದು ಬಗೆಯ ಉಪ್ಪು

ಮಾರ್ಚ್ 3

ನಾದಿನಿಯವರಿಗೆ,

ಕ್ಷೇಮವೇ ಎಂದು ಕೇಳಿ ಶುರು ಮಾಡುವುದು ರೂಢಿ. ನಾನು ಕೇಳುವುದಿಲ್ಲ, ನೀವು ಕ್ಷೇಮವಾಗಿಯೇ ಇರುತ್ತೀರಿ. ಫೋನ್ ಮಾಡಬಹುದಿತ್ತು. ಆದರೆ ಕಳೆದ ಸಲ ನನ್ನ ಮಾತು ಅರ್ಧದಲ್ಲಿರುವಾಗಲೇ ನೀವು ಫೋನ್ ಇಟ್ಟಿರಿ. ಅದಕ್ಕೂ ಹಿಂದಿನ ಸಲ ನಾನು ಇಟ್ಟಿದ್ದೆ. ಕಾಗದವಾದರೆ ಹರಿದು ಹಾಕುವವರೂ ಓದಿಯೇ ಹರಿಯುತ್ತಾರೆ.

ನಿಮ್ಮ ಕಾರ್ಖಾನೆಯ ಸಾಸೇಜ್ ಡಬ್ಬಿ ಬಂತು. ಒಬ್ಬ ಬ್ಯಾಂಕ್ ಗುಮಾಸ್ತರಿಗೆ ರಿವರ್ಸ್ ಹೇಳಿಕೊಡುತ್ತಿದ್ದಾಗ ಕೊರಿಯರಿನವನು ಅಡ್ಡ ಬಂದು ಕೊಟ್ಟ. ಡಬ್ಬಿಯನ್ನು ಡ್ರೈವಿಂಗ್ ಸ್ಕೂಲಿನ ಕಾರಿನ ಹಿಂದಿನ ಸೀಟಿನಲ್ಲಿಟ್ಟೆ. ಐಸ್ ಕರಗಿ ಸೀಟಿಗೆಲ್ಲ ಹರಿದಿದೆ. ಈಗ ಕಲಿಯಲು ಬರುವವರು ಸೀಟ್ ಬೆಲ್ಟ್ ಹಾಕುವ ಮೊದಲು ಕಿಟಕಿ ಇಳಿಸುತ್ತಾರೆ.

ಅದು ಹೋಗಲಿ. ಅತ್ತೆಯ ವಿಷಯಕ್ಕೆ ಬರುತ್ತೇನೆ. ಡಯಾಲಿಸಿಸ್‌ಗೆ ವಾರಕ್ಕೆ ಮೂರು ಸಲ ನಾನೇ ಅವರನ್ನು ಕರೆದುಕೊಂಡು ಹೋಗುತ್ತೇನೆ. ಕೆಲವು ದಿನಗಳಿಂದ ಅವರಿಗೆ ಮೈಯೆಲ್ಲ ಕೆರೆತ. ನಡೆಯುವಾಗ ಕಾಲು ಸೋಲುತ್ತದೆ. "ಈ ಕಾಲು ನಂದಲ್ಲ ಅನ್ಸುತ್ತೆ ಕಣೇ, ಯಾರದೋ ತಂದು ಹಾಕಿದ್ದಾರೆ" ಅನ್ನುತ್ತಾರೆ. ಇದೆಲ್ಲ ಶುರುವಾಗಿದ್ದು ನಿಮ್ಮ ಡಬ್ಬಿ ಬರಲು ಶುರುವಾದ ಮೇಲೆ. ನನಗೆ ಬೇರೆ ಸಾಕ್ಷಿ ಬೇಡ.

ಪ್ಯಾಕೆಟ್ಟಿನ ಮುಂದೆ ಹಸಿರು ಪಟ್ಟಿ, ಅದರ ಮೇಲೆ ದಪ್ಪ ಅಕ್ಷರದಲ್ಲಿ "ಉಪ್ಪು ಅರ್ಧ, ರುಚಿ ಪೂರ್ತಿ". ಹಿಂದೆ ಇರುವೆ ಸಾಲಿನಂಥ ಅಕ್ಷರ. ಭೂತಗನ್ನಡಿ ಹಿಡಿದು ಓದಿದೆ. ಐನೂರ ಎಂಟು, ನಾನೂರ ಐವತ್ತೊಂದು ಎಂದೆಲ್ಲ ಇದೆ. ಈ ರಾಸಾಯನಿಕಗಳೆಲ್ಲ ಕೋಳಿಯ ಯಾವ ಭಾಗ ಎಂದು ದಯವಿಟ್ಟು ತಿಳಿಸಿ. ನಾನು ಕೋಳಿ ಕೊಯ್ದಿದ್ದೇನೆ, ಒಳಗೆ ನಂಬರು ಸಿಕ್ಕಿಲ್ಲ.

ಇನ್ನು ಮುಂದೆ ಕಳಿಸಬೇಡಿ. ಅತ್ತೆಗೂ ಅದು ಬೇಡ. "ನಂಗೆ ಸೇರಲ್ಲ, ಮಗಳು ಕಳಿಸಿದ್ದನ್ನ ಬೇಡ ಅನ್ನಕ್ಕಾಗುತ್ತಾ, ನೀನೇ ಏನಾದ್ರೂ ಮಾಡು" ಎಂದು ಅವರೇ ನನಗೆ ಹೇಳಿದ್ದಾರೆ. ಅದಕ್ಕೇ ಈ ಕಾಗದ.

ನಿಮ್ಮ ಅಣ್ಣನ ಹೆಂಡತಿ

ಮಾರ್ಚ್ 11

ವಿಷಯ: ತಮ್ಮ ದೂರು

ಅತ್ತಿಗೆಯವರಿಗೆ,

ತಮ್ಮ ಮೂರನೇ ತಾರೀಕಿನ ಪತ್ರ ತಲುಪಿದೆ. ಇಲ್ಲಿ ಗುಣಮಟ್ಟ ವಿಭಾಗದಲ್ಲಿ ಇಂಥ ಪತ್ರಗಳಿಗೆ ಉತ್ತರ ಬರೆಯುವುದೇ ನನ್ನ ಅರ್ಧ ಕೆಲಸ. ಮೂಗಿಗೆ ವಾಸನೆ ಬಂತು, ಮಗುವಿಗೆ ಕೆಮ್ಮು ಬಂತು, ನಾಯಿ ತಿನ್ನಲಿಲ್ಲ. ಅವರಿಗೆಲ್ಲ ಹೇಗೆ ಬರೆಯುತ್ತೇನೋ ತಮಗೂ ಹಾಗೇ ಬರೆಯುತ್ತಿದ್ದೇನೆ.

ನಮ್ಮ ಸಾಸೇಜಿನಲ್ಲಿ ಹಾಕುವ ಒಂದೊಂದು ವಸ್ತುವಿಗೂ ಅನುಮತಿ ಇದೆ. ಮಾಂಸದಲ್ಲಿ ನೀರು ನಿಲ್ಲಿಸಲು ಒಂದು, ಕೆಡದಂತೆ ತಡೆಯಲು ಒಂದು, ರುಚಿಗೆ ಒಂದು. ಎಷ್ಟು ಹಾಕಬಹುದು ಎಂಬುದಕ್ಕೆ ಮಿತಿ ಇದೆ, ನಾವು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಪ್ರತಿ ಬ್ಯಾಚಿನ ತುಂಡನ್ನೂ ನಾನೇ ನಾಲಿಗೆಗಿಟ್ಟು ನೋಡುತ್ತೇನೆ. ಅದರಿಂದ ವಿಷ ಏರುವುದಾದರೆ ಮೊದಲು ನನಗೇ ಏರಬೇಕಿತ್ತು. "ರಾಸಾಯನಿಕ" ಎಂಬ ಪದವನ್ನು ತಾವು ಬೈಗುಳದ ಹಾಗೆ ಬಳಸಿದ್ದೀರಿ. ತಾವು ಕುಡಿಯುವ ನೀರೂ ರಾಸಾಯನಿಕವೇ.

ಇಷ್ಟು ಕಚೇರಿಯ ಉತ್ತರ. ಇನ್ನು ಮನೆಯದು.

ಅಮ್ಮ ಪ್ರತಿದಿನ ನನಗೆ ಫೋನ್ ಮಾಡುತ್ತಾಳೆ. ನೀವು ಕಾರು ತೆಗೆದುಕೊಂಡು ಹೊರಟ ಸದ್ದು ಕೇಳಿದ ಮೇಲೆ ಮಾಡುತ್ತಾಳೆ, ಅದು ಯಾಕೆ ಎಂದು ನೀವೇ ಯೋಚಿಸಿ. "ನಿನ್ನ ಡಬ್ಬಿ ಒಂದಿಲ್ದಿದ್ರೆ ನಾನು ಉಪವಾಸ ಸಾಯ್ತಿದ್ದೆ. ಇಲ್ಲಿ ತರಕಾರೀನ ಬೇಯ್ಸಿ ಬೇಯ್ಸಿ ಅದರ ಜೀವ ತೆಗೆದು ಬಡಿಸ್ತಾಳೆ" ಅನ್ನುತ್ತಾಳೆ. ತನಗೆ ಸೇರುವುದಿಲ್ಲ ಎಂದು ಅವಳು ನಿಮಗೆ ಹೇಳಿದಳಂತೆ. ನೀವು ಮುಖ ಗಂಟು ಹಾಕಿಕೊಂಡು ನಿಂತರೆ ಪಾಪ ಅವಳು ಇನ್ನೇನು ಹೇಳಿಯಾಳು?

ಹಸಿರು ಪಟ್ಟಿಯದನ್ನೇ ಆರಿಸಿ ಕಳಿಸುವುದು ನಾನು. ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದು ನಿಮಗೆ ನೆನಪಿದೆಯೋ ಇಲ್ಲವೋ, ನನಗಿದೆ. ಅರ್ಧ ಉಪ್ಪು ತೆಗೆದರೂ ರುಚಿ ಹೋಗದ ಹಾಗೆ ಮಾಡುವುದಕ್ಕೆ ನಾವು ಎಷ್ಟು ಒದ್ದಾಡಿದ್ದೇವೆ ಎಂದು ನಿಮಗೆ ಹೇಳಿ ಪ್ರಯೋಜನವಿಲ್ಲ. ಕೊನೆಗೆ ಇದೇ ಸರಿ ಎಂದು ಒಪ್ಪಿದ್ದು ನನ್ನ ನಾಲಿಗೆ. ಮೊದಲ ಪ್ಯಾಕೆಟ್ ಅಮ್ಮನಿಗೇ ಹೋಗಿದ್ದು.

ಡಬ್ಬಿ ಬರುತ್ತದೆ.

ನಿಮ್ಮ ನಾದಿನಿ

ಮಾರ್ಚ್ 19

ನಾದಿನಿಯವರಿಗೆ,

ನಿಮ್ಮ ಉತ್ತರ ಓದಿ ಮೈ ಉರಿಯಿತು. ಆಸ್ಪತ್ರೆಯ ಮುಂದೆ ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಒಳಗೆ ನಿಮ್ಮಮ್ಮನ ರಕ್ತ ಮಶೀನಿನಲ್ಲಿ ತಿರುಗುತ್ತಿದೆ. ನನಗೆ ಬರೆಯಲು ಬೇಕಾದಷ್ಟು ಹೊತ್ತಿದೆ.

ತರಕಾರಿಯ ಜೀವ ತೆಗೆಯುತ್ತೇನೆ, ನಿಜ. ಹೆಚ್ಚಿ, ನೀರಲ್ಲಿ ನೆನೆಸಿ, ಬೇಯಿಸಿ, ಆ ನೀರು ಚೆಲ್ಲಿ, ಮತ್ತೆ ಹೊಸ ನೀರಲ್ಲಿ ಬೇಯಿಸುತ್ತೇನೆ. ಹಾಗೆ ಮಾಡು ಎಂದು ಆಸ್ಪತ್ರೆಯ ಡಯಟಿಷಿಯನ್ ಹೇಳಿಕೊಟ್ಟಿದ್ದಾರೆ. ಕಿಡ್ನಿ ಹೊರಗೆ ಹಾಕಲಾರದ್ದನ್ನು ಮೊದಲೇ ತರಕಾರಿಯಿಂದ ತೆಗೆಯಬೇಕಂತೆ. ಬೆಳಗ್ಗೆ ಮೊದಲ ಪಾಠಕ್ಕೆ ಹೋಗುವ ಮುಂಚೆ ನಿಂತು ಇದನ್ನು ಮಾಡುತ್ತೇನೆ. ನನಗೂ ಅದು ರುಚಿಯಲ್ಲ. ನಿಮ್ಮಣ್ಣನಿಗೂ ಅದನ್ನೇ ಬಡಿಸುತ್ತೇನೆ, ಅವರು ತುಟಿ ಪಿಟಕ್ಕೆನ್ನದೆ ತಿಂದು ಬಸ್ ಓಡಿಸಲು ಹೋಗುತ್ತಾರೆ.

ನಿಮ್ಮಮ್ಮ ನಿಮಗೊಂದು ಹೇಳುತ್ತಾರೆ, ನನಗೊಂದು ಹೇಳುತ್ತಾರೆ. ಸೇರಲ್ಲ ಅಂದರಲ್ಲ ಎಂದು ನಾನು ಡಬ್ಬಿಯನ್ನು ಫ್ರೀಜರಿನಲ್ಲಿ ಹಾಗೇ ಬಿಟ್ಟಿದ್ದೆ. ಮೊನ್ನೆ ನೋಡಿದರೆ ಅರ್ಧ ಖಾಲಿ. ಕೇಳಿದರೆ "ನಿನ್ನ ಗಂಡ ತಿಂದ" ಅಂದರು. ಗಂಡನನ್ನು ಕೇಳಿದರೆ ಅವರು ನನ್ನ ಮುಖ ನೋಡಿದರು, ಅಮ್ಮನ ಮುಖ ನೋಡಿದರು, ಚಪ್ಪಲಿ ಹಾಕಿಕೊಂಡು ಹೊರಗೆ ಹೋದರು. ಅವರ ಉತ್ತರ ಯಾವಾಗಲೂ ಚಪ್ಪಲಿಯೇ. ಉಳಿದ ಪ್ಯಾಕೆಟ್ಟುಗಳನ್ನು ಎದುರು ಮನೆಯವರಿಗೆ ಕೊಟ್ಟೆ.

ನಾನು ಕೇಳಿದ್ದು ಒಂದೇ ಪ್ರಶ್ನೆ. ಅದಕ್ಕೆ ನೀವು ಭಾಷಣ ಕೊಟ್ಟಿರಿ. ಪ್ಯಾಕೆಟ್ಟಿನ ಹಿಂಭಾಗ ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ. ಐನೂರ ಎಂಟಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿದ್ದೇನೆ, ಕಾಣದೆ ಹೋಯಿತು ಎಂದು ಹೇಳುವ ಹಾಗಿಲ್ಲ. ಅದೇನು? ಡಯಟಿಷಿಯನ್‌ಗೆ ಕೇಳಿದೆ, "ನಂಬರು ನಂಗೊತ್ತಿಲ್ಲಮ್ಮ, ಹೆಸರು ತನ್ನಿ, ಹೇಳ್ತೀನಿ" ಅಂದರು. ಹೆಸರು ಬರೆಯಿರಿ.

ನಿಮ್ಮ ಅತ್ತಿಗೆ

ಏಪ್ರಿಲ್ 2

ಅತ್ತಿಗೆಯವರಿಗೆ,

ನಾನು ಕಳಿಸಿದ್ದನ್ನು ನನ್ನ ಅಮ್ಮನ ಬಾಯಿಂದ ಕಿತ್ತು ಎದುರು ಮನೆಗೆ ಹಂಚಿದ್ದೀರಿ. ಇದನ್ನು ಹೆಮ್ಮೆಯಿಂದ ಬೇರೆ ಬರೆದಿದ್ದೀರಿ.

ನೀವು ಸುತ್ತು ಹಾಕಿದ್ದು ಉಪ್ಪು. ಮಾಮೂಲಿ ಉಪ್ಪು ಕಡಿಮೆ ಮಾಡಿದಾಗ ಅದರ ಬದಲಿಗೆ ಹಾಕುವ ಇನ್ನೊಂದು ಬಗೆಯ ಉಪ್ಪು. ದಿನಕ್ಕೆ ಇಷ್ಟೇ ತಿನ್ನಬೇಕು ಎಂಬ ಮಿತಿಯನ್ನೇ ಯಾರೂ ಅದಕ್ಕೆ ಹಾಕಿಲ್ಲ, ಅಷ್ಟು ನಿರಪಾಯ. ಹೆಸರು ಹೇಳಿದರೆ ನಿಮಗೇನು ಗೊತ್ತಾಗುತ್ತದೆ? ನಾಳೆ ಅದಕ್ಕೂ ಒಂದು ಸುತ್ತು ಹಾಕಿ ಕಳಿಸುತ್ತೀರಿ. ನಿಮಗೆ ಬೇಕಾಗಿರುವುದು ಹೆಸರಲ್ಲ, ಜಗಳ.

ಇನ್ನು ಮುಂದೆ ಡಬ್ಬಿ ನಿಮ್ಮ ಮನೆ ಬಾಗಿಲಿಗೆ ಬರುವುದಿಲ್ಲ, ನಿಶ್ಚಿಂತೆಯಿಂದಿರಿ.

ನಾದಿನಿ

ಏಪ್ರಿಲ್ 15

ಅತ್ತಿಗೆ,

ಅಣ್ಣ ಫೋನ್ ಮಾಡಿದ್ದ. ಅಮ್ಮ ಕಾರಿನಲ್ಲೇ ಪ್ರಜ್ಞೆ ತಪ್ಪಿದ್ದಳಂತೆ, ಮಶೀನಿಗೆ ಹಾಕಿ ಉಳಿಸಿದರಂತೆ.

ಬಾಳೆಹಣ್ಣು ಕೊಟ್ಟಿದ್ದೀರಂತೆ. ಡಯಾಲಿಸಿಸ್‌ನಲ್ಲಿರುವವರಿಗೆ ಬಾಳೆಹಣ್ಣು ಕೊಡಬಾರದು ಎಂದು ಆಸ್ಪತ್ರೆಯ ಮೆಟ್ಟಿಲಿನ ಮೇಲೆ ಕೂತ ಭಿಕ್ಷುಕನಿಗೂ ಗೊತ್ತು. ಅದರಲ್ಲಿರುವ ಪೊಟ್ಯಾಸಿಯಂ ಹೊರಗೆ ಹೋಗುವುದಿಲ್ಲ, ರಕ್ತದಲ್ಲೇ ನಿಂತು ಎದೆಬಡಿತ ನಿಲ್ಲಿಸುತ್ತದೆ. ತರಕಾರಿಯ ನೀರು ಚೆಲ್ಲುವ ಶಾಸ್ತ್ರವನ್ನೆಲ್ಲ ನನಗೆ ಪಾಠ ಮಾಡಿದಿರಿ. ಆ ಶಾಸ್ತ್ರ ಗೊತ್ತಿದ್ದೂ ಗೊತ್ತಿದ್ದೂ ಹಣ್ಣು ಸುಲಿದು ಅವಳ ಕೈಗೆ ಕೊಟ್ಟಿರಿ. ಇದಕ್ಕೆ ಮರೆವು ಎಂಬ ಹೆಸರು ಸಾಲುವುದಿಲ್ಲ.

ಅಮ್ಮನಿಗೆ ಏನಾದರೂ ಆಗಿದ್ದರೆ ನಾನು ಬರೆಯುತ್ತಿದ್ದುದು ನಿಮಗಲ್ಲ, ಪೊಲೀಸರಿಗೆ. ನಿಮಗೆ ಅವಳು ಭಾರವಾದರೆ ಬಾಯಿಬಿಟ್ಟು ಹೇಳಿ. ನಾನು ಕರೆದುಕೊಂಡು ಬರುತ್ತೇನೆ. ನನ್ನದು ಒಂದೇ ಕೋಣೆ, ಆದರೆ ಅಲ್ಲಿ ಅವಳ ಸಾವಿಗೆ ಕಾಯುವವರು ಯಾರೂ ಇಲ್ಲ.

ಏಪ್ರಿಲ್ 22

ನಾದಿನಿಯವರಿಗೆ,

ಇದು ನನ್ನ ಕೊನೆಯ ಕಾಗದ. ನಡೆದದ್ದನ್ನು ನಡೆದ ಹಾಗೆ ಬರೆದು ಮುಗಿಸುತ್ತೇನೆ.

ಆಸ್ಪತ್ರೆಗೆ ಹೊರಟಿದ್ದೆವು. ನನ್ನ ಕಾರಿನಲ್ಲಿ ಎರಡೂ ಕಡೆ ಬ್ರೇಕ್ ಇದೆ, ಕಲಿಯುವವರ ಕಡೆ ಒಂದು, ಕಲಿಸುವವರ ಕಡೆ ಒಂದು. ನಾನು ಓಡಿಸುತ್ತಿದ್ದೆ. ಅತ್ತೆ ಪಕ್ಕದಲ್ಲಿ, ದಿನಾ ನಾನು ಕೂರುವ ಜಾಗದಲ್ಲಿ ಕೂತಿದ್ದರು. ಸಿಗ್ನಲ್ ದಾಟುವಾಗ ಅವರ ಎರಡೂ ಕಾಲು ಹಾಗೇ ಜಾರಿ ಆ ಬ್ರೇಕಿನ ಮೇಲೆ ಬಿದ್ದವು. ಕಾರು ರಸ್ತೆಯ ಮಧ್ಯದಲ್ಲಿ ನಿಂತುಹೋಯಿತು. ಹಿಂದಿನವರೆಲ್ಲ ಹಾರ್ನ್ ಹೊಡೆಯುತ್ತಿದ್ದಾರೆ. "ಕಾಲು ತೆಗೀರಿ ಅತ್ತೆ" ಎಂದು ನಾನು ಕಲಿಯುವವರಿಗೆ ಕೂಗುವ ಹಾಗೆ ಕೂಗಿದೆ. "ನಾನು ಇಟ್ಟಿಲ್ಲ ಕಣೇ, ತೆಗಿಯಕ್ಕೂ ಆಗ್ತಿಲ್ಲ" ಅಂದರು. ಆಮೇಲೆ ಪ್ರಜ್ಞೆ ತಪ್ಪಿತು. ಅವರ ಕಾಲನ್ನು ಕೈಯಲ್ಲಿ ಎತ್ತಿ ಈಚೆ ಇಟ್ಟವಳು ನಾನು. ಆ ಕಾಲು ಮರದ ಕೊರಡಿನಷ್ಟು ಭಾರವಿತ್ತು. ಅಲ್ಲಿಂದ ಆಸ್ಪತ್ರೆಯವರೆಗೆ ಹೇಗೆ ಓಡಿಸಿದೆನೋ ನನಗೇ ನೆನಪಿಲ್ಲ.

ಪೊಟ್ಯಾಸಿಯಂ ಏರಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಹೃದಯ ನಿಲ್ಲುತ್ತಿತ್ತು ಅಂದರು. ಮಶೀನಿಗೆ ಹಾಕಿ ಅವರಿಗೆ ಪ್ರಜ್ಞೆ ಬಂದ ಮೇಲೆ ಡಾಕ್ಟರು ವಾರ್ಡಿನ ಮಧ್ಯದಲ್ಲಿ ನನ್ನನ್ನು ನಿಲ್ಲಿಸಿ, "ಏನು ಕೊಟ್ರಿ ಇವರಿಗೆ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹಾಸಿಗೆಯಿಂದ ನಿಮ್ಮಮ್ಮ ಹೇಳಿದರು, "ಸೊಸೆ ಬಾಳೆಹಣ್ಣು ಕೊಟ್ಟಿದ್ಲು."

ನನ್ನ ಮನೆಗೆ ಬಾಳೆಹಣ್ಣು ಬಂದು ವರ್ಷದ ಮೇಲಾಯಿತು. ನಿಮ್ಮಣ್ಣನಿಗೆ ಅದು ಗೊತ್ತು. ಅವರು ನನ್ನನ್ನು ನೋಡಿದರು, ಅಲ್ಲಿ ಚಪ್ಪಲಿ ಹಾಕಿಕೊಂಡು ಹೋಗುವ ಹಾಗಿರಲಿಲ್ಲವಾದ್ದರಿಂದ ನೆಲ ನೋಡಿದರು.

ಯಾಕೆ ಹಾಗೆ ಹೇಳಿದರು ಎಂದು ಮನೆಗೆ ಬಂದ ಮೇಲೆ ಗೊತ್ತಾಯಿತು. ನಿಮ್ಮಣ್ಣನ ಊಟದ ಡಬ್ಬಿ ಬಸ್ ಡಿಪೋದಿಂದ ಖಾಲಿ ಬರಬೇಕಾದದ್ದು ಭಾರವಾಗಿ ಬಂತು. ತೆಗೆದು ನೋಡಿದರೆ ಒಳಗೆ ಸಾಸೇಜ್. ಹಿಡಿದು ಕೇಳಿದ ಮೇಲೆ ಒಂದೊಂದೇ ಹೊರಬಂತು. ನೀವು ಡಬ್ಬಿಯನ್ನು ಡಿಪೋಗೆ ಕಳಿಸುವುದು, ಮಗ ದಿನಾ ಒಂದಿಷ್ಟು ತಂದು ಅಮ್ಮನಿಗೆ ಕೊಡುವುದು, ನಾನು ಪಾಠಕ್ಕೆ ಹೋದಾಗ ಅವರು ಅದನ್ನೇ ಊಟ ಮಾಡಿ, ನಾನು ಬಡಿಸಿದ್ದನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕುವುದು. ಮೂವರೂ ಸೇರಿ ನನ್ನ ಕಣ್ಣಿಗೆ ಮಣ್ಣೆರಚಿದ್ದೀರಿ. ನಿಮ್ಮ ಹೆಸರು ಹೊರಗೆ ಬರಬಾರದೆಂದು ಅವರು ನನ್ನ ಹೆಸರು ಹೇಳಿದರು. ಮಗಳನ್ನು ಉಳಿಸಲು ಬಾಳೆಹಣ್ಣು ಬಂತು.

ನಾನು ಹಣ್ಣು ಕೊಟ್ಟಿಲ್ಲ ಎಂದು ಡಾಕ್ಟರಿಗೆ ಆಣೆ ಮಾಡಿ ಹೇಳಿದೆ. ನಂಬಿದರೋ ಇಲ್ಲವೋ, "ಹಣ್ಣಲ್ಲ ಅಂದ್ರೆ ಬೇರೆ ಎಲ್ಲಿಂದಲೋ ಪೊಟ್ಯಾಸಿಯಂ ಹೋಗ್ತಾ ಇದೆ. ಹುಡುಕಿ. ಸಿಗದಿದ್ರೆ ಇದು ಮತ್ತೆ ಆಗುತ್ತೆ" ಅಂದರು. ನಿಮ್ಮ ಸಾಸೇಜಿನಲ್ಲಿರುವುದು ಉಪ್ಪು ಎಂದು ನೀವೇ ಬರೆದಿದ್ದೀರಿ, ಅದನ್ನು ಬಿಟ್ಟು ಅಡುಗೆಮನೆಯ ಎಲ್ಲ ಡಬ್ಬಗಳನ್ನೂ ನೆಲಕ್ಕೆ ಸುರಿದು ಹುಡುಕಿದೆ. ಸಿಗಲಿಲ್ಲ.

ಪೊಲೀಸರಿಗೆ ಬರೆಯುವುದಿದ್ದರೆ ಬರೆಯಿರಿ.

ಮೇ 1

ಅತ್ತಿಗೆ,

ಹಸಿರು ಪಟ್ಟಿಯದು ಒಂದು ತುಂಡೂ ಅಮ್ಮನಿಗೆ ಕೊಡಬೇಡಿ. ಮನೆಯಲ್ಲಿ, ಡಿಪೋದಲ್ಲಿ ಇರುವುದನ್ನೆಲ್ಲ ಎಸೆಯಿರಿ. ಅಣ್ಣನಿಗೆ ಫೋನ್ ಮಾಡಿ ಹೇಳಿದ್ದೇನೆ, ಅವನು ಹೂಂ ಅಂದು ಮರೆಯುತ್ತಾನೆ, ಅದಕ್ಕೆ ನಿಮಗೂ ಬರೆಯುತ್ತಿದ್ದೇನೆ. ಪ್ಯಾಕೆಟ್ಟಿನ ಹಿಂಭಾಗವನ್ನು ಡಾಕ್ಟರಿಗೆ ತೋರಿಸಿ, ಐನೂರ ಎಂಟು ಎಂದು ಹೇಳಿ.

ಇನ್ನು ಡಬ್ಬಿ ಬರುವುದಿಲ್ಲ.

ಮೇ 9

ಏನಮ್ಮಾ,

ಕಾಗದ ಬರೆಯುವುದಿಲ್ಲ ಅಂದಿದ್ದೆ. ನಿನ್ನ ಆ ನಾಲ್ಕು ಸಾಲು ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಮೊದಲು ನನಗನ್ನಿಸಿದ್ದು, ಮುನಿಸಿಕೊಂಡು ಡಬ್ಬಿ ನಿಲ್ಲಿಸಿದ್ದೀಯ ಎಂದು. ಆಮೇಲೆ ಡಾಕ್ಟರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಓದಿ, ಫೋನಿನಲ್ಲಿ ಏನೋ ಹುಡುಕಿ, "ಉಪ್ಪಿನ ಜಾಗಕ್ಕೆ ಪೊಟ್ಯಾಸಿಯಂ ಹಾಕಿದ್ದಾರೆ. ಕಿಡ್ನಿ ಚೆನ್ನಾಗಿರೋರಿಗೆ ಇದ್ರಿಂದ ಏನೂ ಆಗಲ್ಲ. ಇವರಿಗೆ ಇದು ಬಾಳೆಹಣ್ಣಿನ ಗೊನೆ" ಅಂದರು. ಇನ್ನೊಂದು ನಂಬರಿದೆಯಲ್ಲ, ನಾನೂರ ಐವತ್ತೊಂದು, ಅದರಿಂದ ಮೈ ಕೆರೆತವೂ ಬಂದಿರಬಹುದಂತೆ.

ಇನ್ನೊಂದು ಬಗೆಯ ಉಪ್ಪು. "ಹೆಸರು ಹೇಳಿದರೆ ನಿಮಗೇನು ಗೊತ್ತಾಗುತ್ತದೆ" ಎಂದು ಬರೆದೆಯಲ್ಲ. ನಿನ್ನ ಕಾಗದವನ್ನು ತೆಗೆದಿಟ್ಟಿದ್ದೇನೆ, ಬೇಕಾದರೆ ಕಳಿಸುತ್ತೇನೆ. ನನ್ನ ಅಡುಗೆಮನೆಯ ಗೋಡೆಯಲ್ಲಿ, ಒಲೆಯ ಮೇಲ್ಗಡೆ, ಡಯಟಿಷಿಯನ್ ಕೊಟ್ಟ ಚೀಟಿ ಅಂಟಿಸಿದ್ದೇನೆ. "ಪೊಟ್ಯಾಸಿಯಂ ಬೇಡ" ಎಂಬುದು ಅದರ ಮೊದಲ ಸಾಲು. ದಿನಾ ನೋಡುತ್ತೇನೆ. ನೀನು ಆ ಒಂದು ಪದ ಬರೆದಿದ್ದರೆ ಅವತ್ತೇ ಮುಗಿಯುತ್ತಿತ್ತು. ಮುಂದಿನ ಕಾಗದದಲ್ಲಿ ಆ ಪದ ನೀನೇ ಬರೆದೆ. ಆಗ ಅದು ಬಾಳೆಹಣ್ಣಿನ ಮೇಲಿತ್ತು, ನನ್ನ ತಲೆಯ ಮೇಲಿತ್ತು.

ನಿನ್ನನ್ನು ಬೈದು ನನಗೇನೂ ಸಿಗುವುದಿಲ್ಲ. ವಿಷಯ ಇನ್ನೂ ಮುಗಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅತ್ತೆ ಇನ್ನೂ ತಿನ್ನುತ್ತಿದ್ದಾರೆ. ಡಬ್ಬಿ ನಿಂತ ಮೇಲೆ ವಾರ್ಡಿನ ಆಯಾಳ ಕೈಲಿ ಅಂಗಡಿಯಿಂದ ತರಿಸಿಕೊಳ್ಳುತ್ತಾರೆ. ಬ್ಯಾಗಿನಲ್ಲಿ ಸಿಕ್ಕಿತು, ಕಿತ್ತುಕೊಂಡೆ. "ನನ್ನ ಮಗಳು ನಾಲಿಗೆಗಿಟ್ಟು ನೋಡಿ ಕಳಿಸಿದ್ದು ಕಣೇ ಇದು. ಅವಳ ಕೈ ದಾಟದೆ ಒಂದೂ ಆಚೆ ಬರಲ್ಲ. ನಿನಗೇನು ಗೊತ್ತು" ಅಂದರು. ಡಾಕ್ಟರು ಹೇಳಿದರೂ ಕೇಳುವುದಿಲ್ಲ. ಸೊಸೆ ಡಾಕ್ಟರ ಕಿವಿ ಕಚ್ಚಿದ್ದಾಳೆ ಎಂಬುದು ಅವರ ನಂಬಿಕೆ. ಪಕ್ಕದ ಹಾಸಿಗೆಯಲ್ಲಿರುವ ರಿಟೈರ್ಡ್ ಟೀಚರಿಗೂ ಶಿಫಾರಸು ಮಾಡಿದ್ದಾರೆ. ಉಪ್ಪು ಕಡಿಮೆ ಎಂದು ಆ ಟೀಚರೂ ಖುಷಿಯಾಗಿ ತಿನ್ನುತ್ತಿದ್ದಾರೆ. ಅವರಿಂದಲೂ ಕಿತ್ತುಕೊಂಡೆ. ಇಡೀ ವಾರ್ಡಿಗೆ ಈಗ ನಾನು ರೋಗಿಗಳ ಊಟ ಕದಿಯುವವಳು.

ನೀನು ಬರೆಯಬೇಕು. ನನಗಲ್ಲ, ನಿಮ್ಮಮ್ಮನಿಗೆ. ನಾನು ಕಳಿಸಿದ್ದರಿಂದಲೇ ನಿನಗೆ ಹೀಗಾಯಿತು, ಇನ್ನು ತಿನ್ನಬೇಡ ಎಂದು ನಿನ್ನ ಕೈಯಿಂದ ಬರೆ. ಅವರಿಗೆ ಓದುವಷ್ಟು ಕಣ್ಣು ಕಾಣುವುದಿಲ್ಲ, ನಾನೇ ಓದಿ ಹೇಳುತ್ತೇನೆ. ಒಂದಕ್ಷರ ಸೇರಿಸುವುದಿಲ್ಲ, ಒಂದಕ್ಷರ ಬಿಡುವುದಿಲ್ಲ.

ಅತ್ತಿಗೆ

ಮೇ 18

ಅತ್ತಿಗೆ,

ಅಮ್ಮನಿಗೆ ಬರೆದದ್ದು ಜೊತೆಯಲ್ಲಿದೆ. ಫೋನಿನಲ್ಲಿ ಹೇಳಲು ನೋಡಿದೆ. ಅಮ್ಮ ನನ್ನ ದನಿ ಕೇಳಿದ ಕೂಡಲೇ "ಊಟ ಆಯ್ತಾ ಮಗಾ" ಅಂದಳು. ಆಯ್ತು ಎಂದು ಫೋನ್ ಇಟ್ಟೆ.

ನೀವು ಕೇಳದಿದ್ದರೂ ಹೇಳುತ್ತೇನೆ. ಡಾಕ್ಟರು "ಹುಡುಕಿ" ಅಂದರು ಎಂದು ನೀವು ಬರೆದಿದ್ದ ಕಾಗದವನ್ನು ಕಾರ್ಖಾನೆಯ ಬಿಳಿ ಬೂಟು ಹಾಕಿಕೊಳ್ಳುವ ಕೋಣೆಯಲ್ಲಿ ಓದಿ, ಹಾಗೇ ಒಳಗೆ ಹೋದೆ. ಮಸಾಲೆ ಬೆರೆಸುವ ಯಂತ್ರದ ಪಕ್ಕ ಚೀಲಗಳು ಪೇರಿಸಿರುತ್ತವೆ. ಪ್ಯಾಕೆಟ್ಟಿನಲ್ಲಿ ನಂಬರು ಇರುತ್ತದೆ, ಚೀಲದ ಮೇಲೆ ಪೊಟ್ಯಾಸಿಯಂ ಕ್ಲೋರೈಡ್ ಎಂದು ಪೂರ್ತಿ ಹೆಸರೇ ಇರುತ್ತದೆ, ಅಂಗೈಯಷ್ಟು ದೊಡ್ಡ ಅಕ್ಷರದಲ್ಲಿ. ದಿನಾ ಆ ಚೀಲಕ್ಕೆ ಒರಗಿ ನಿಂತು ನಾನು ಸಹಿ ಹಾಕುತ್ತೇನೆ. ನನಗೆ ಅದು ಬಾಯಿಗೆ ಕಹಿ ಬರದ ಹಾಗೆ ನೋಡಿಕೊಳ್ಳಬೇಕಾದ ಒಂದು ಪುಡಿ, ಅಷ್ಟೇ. ಅಮ್ಮನ ಕಾಯಿಲೆ ಒಂದು ಕಡೆ, ಈ ಪುಡಿ ಒಂದು ಕಡೆ. ಎರಡೂ ನನ್ನ ತಲೆಯಲ್ಲಿ ಯಾವತ್ತೂ ಒಟ್ಟಿಗೆ ಬಂದಿರಲಿಲ್ಲ.

ಮ್ಯಾನೇಜರಿಗೆ ಹೇಳಿದೆ, ಕಿಡ್ನಿ ಕಾಯಿಲೆಯವರು ತಿನ್ನಬಾರದು ಎಂದು ಹಸಿರು ಪಟ್ಟಿಯ ಕೆಳಗೆ ಒಂದು ಸಾಲು ಹಾಕೋಣ ಎಂದು. "ಕಾನೂನು ಕೇಳಲ್ಲ, ನಾವ್ಯಾಕೆ ಹಾಕ್ಬೇಕು? ಇದನ್ನ ನಿರಪಾಯ ಅಂತ ಬರೆದುಕೊಟ್ಟೋರು ನೀವೇ ಅಲ್ವಾ" ಅಂದರು. ನಿರಪಾಯವೇ, ಅದರಲ್ಲಿ ಸುಳ್ಳಿಲ್ಲ. ಇಲ್ಲಿ ಯಾರೂ ವಿಷ ಬೆರೆಸುತ್ತಿಲ್ಲ ಎಂದು ನಾನು ಇವತ್ತೂ ಬರೆದುಕೊಡುತ್ತೇನೆ. ಆ ಸಾಲಿಗಾಗಿ ಮತ್ತೆ ಕೇಳುತ್ತೇನೆ, ಅವರು ಮತ್ತೆ ಇದನ್ನೇ ಹೇಳುತ್ತಾರೆ.

ನಿಮ್ಮ ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ. ನೀವು ಕೊಡುವವರಲ್ಲ, ನನಗೆ ಕೇಳಿ ಅಭ್ಯಾಸವಿಲ್ಲ. ಬಾಳೆಹಣ್ಣಿನ ಮಾತನ್ನು ಮಾತ್ರ ವಾಪಸ್ ತೆಗೆದುಕೊಳ್ಳುತ್ತೇನೆ.

ನಾದಿನಿ

(ಅಮ್ಮನಿಗೆ)

ಅಮ್ಮಾ,

ಅತ್ತಿಗೆ ಓದುತ್ತಾರೆ, ನೀನು ಪೂರ್ತಿ ಕೇಳು, ಮಧ್ಯೆ ಮಾತಾಡಬೇಡ. ನಾನು ಕಳಿಸುತ್ತಿದ್ದ ಸಾಸೇಜಿನಲ್ಲಿ ಪೊಟ್ಯಾಸಿಯಂ ಇತ್ತು. ಅದರಿಂದಲೇ ನಿನ್ನ ಕಾಲು ಸೋತದ್ದು, ಅದರಿಂದಲೇ ಅವತ್ತು ಕಾರಿನಲ್ಲಿ ನಿನಗೆ ಹಾಗಾದದ್ದು. ಉಪ್ಪು ಕಡಿಮೆಯದೇ ನಿನಗೆ ಒಳ್ಳೆಯದು ಎಂದುಕೊಂಡು ನಾನೇ ಆರಿಸಿ ಕಳಿಸಿದೆ. ಬೇರೆಯವರಿಗೆ ಅದು ಏನೂ ಮಾಡುವುದಿಲ್ಲ, ನಿನಗೆ ಆಗುವುದಿಲ್ಲ. ಅಂಗಡಿಯದೂ ಅದೇ. ನನ್ನ ನಾಲಿಗೆ ನೋಡಿದ್ದು ಎಂದು ತಿನ್ನಬೇಡ. ನನ್ನ ನಾಲಿಗೆಗೆ ರುಚಿ ಗೊತ್ತು, ನಿನ್ನ ಕಿಡ್ನಿ ಗೊತ್ತಿಲ್ಲ. ಅತ್ತಿಗೆ ಬೇಯಿಸಿ ಕೊಟ್ಟದ್ದನ್ನೇ ತಿನ್ನು. ಟೀಚರಿಗೂ ಹೇಳು.

ನಿನ್ನ ಮಗಳು

ಮೇ 27

ನಾದಿನಿಗೆ,

ಓದಿದೆ. ವಾರ್ಡಿನಲ್ಲೇ ಓದಿದೆ. ಮನೆಯಲ್ಲಾದರೆ ನಾನೇ ಕಟ್ಟಿ ಹೇಳಿದೆ ಅನ್ನುತ್ತಾರೆ, ನಾಲ್ಕು ಜನ ಸಾಕ್ಷಿ ಇರಲಿ ಎಂದು. ನರ್ಸು ಕೈಯಲ್ಲಿ ಸಿರಿಂಜು ಹಿಡಿದುಕೊಂಡೇ ನಿಂತರು. ಟೀಚರು ಎದ್ದು ಕೂತರು. ನಿಮ್ಮಣ್ಣ ಬಾಗಿಲಿನ ಹತ್ತಿರ ನಿಂತಿದ್ದರು, ಈ ಸಲ ಎಲ್ಲಿಗೂ ಹೋಗಲಿಲ್ಲ. "ನಿನ್ನ ಕಿಡ್ನಿ ಗೊತ್ತಿಲ್ಲ" ಎಂಬಲ್ಲಿ ಓದು ನಿಲ್ಲಿಸಿ ಸೆರಗಿನಲ್ಲಿ ಮುಖ ಒರೆಸಿಕೊಂಡೆ. ನಿನ್ನ ಮೇಲಿನ ಪ್ರೀತಿಯಿಂದಲ್ಲ. ನಾನೂ ಒಬ್ಬ ತಾಯಿಗೆ ಮಗಳಾಗಿದ್ದವಳು.

ಅತ್ತೆ ಪೂರ್ತಿ ಕೇಳಿದರು. ನೀನು ಹೇಳಿದ ಹಾಗೆ ಮಧ್ಯೆ ಮಾತಾಡಲಿಲ್ಲ. ಕಾಗದ ಕೈಗೆ ತೆಗೆದುಕೊಂಡು, ಕಾಣದ ಕಣ್ಣಿನ ಹತ್ತಿರ ಹಿಡಿದು, ಹಿಂದೆ ಮುಂದೆ ತಿರುಗಿಸಿದರು. ಆಮೇಲೆ ಟೀಚರ ಕಡೆ ತಿರುಗಿ ಹೇಳಿದರು, "ನೋಡಿದ್ರಾ? ನನ್ನ ಮಗೂನ ಹೆದರಿಸಿ ಬರೆಸ್ಕೊಂಡಿದ್ದಾಳೆ."

ಟೀಚರು ಪ್ಯಾಕೆಟ್ಟನ್ನು ಆಯಾಳಿಗೆ ವಾಪಸ್ ಕೊಟ್ಟರು. ಅವರಿಗೆ ಅರ್ಥವಾಯಿತು. ನಿಮ್ಮಮ್ಮನಿಗೆ ಆಗಲಿಲ್ಲ, ಆಗುವುದೂ ಇಲ್ಲ. ನನ್ನ ಬಾಯಿಂದ ಬಂದದ್ದು ನಿನ್ನ ಮಾತಾದರೂ ಅವರ ಕಿವಿಗೆ ಅದು ನನ್ನದೇ. ನಿನ್ನೆ ಅವರ ದಿಂಬಿನ ಚೀಲದಲ್ಲಿ ಮತ್ತೆ ಎರಡು ಪ್ಯಾಕೆಟ್ ಸಿಕ್ಕವು. ಹಸಿರು ಪಟ್ಟಿಯನ್ನು ಹರಿಯದೆ ನೀಟಾಗಿ ಮಡಿಸಿ ಇಟ್ಟುಕೊಂಡಿದ್ದಾರೆ, ಈಗಿನ ಖಾಲಿ ಪ್ಯಾಕೆಟ್ಟುಗಳನ್ನೂ, ಹಳೆಯವನ್ನೂ. ಮಗಳು ಮಾಡಿದ್ದಂತೆ. ಈ ವಾರದ ರಕ್ತದಲ್ಲಿ ಪೊಟ್ಯಾಸಿಯಂ ಮತ್ತೆ ಏರಿದೆ. ಡಾಕ್ಟರು ಈ ಸಲ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿ ಅನ್ನಿಸಿತು.

ನಾನು ನಿನ್ನನ್ನು ಕ್ಷಮಿಸಿಲ್ಲ. ನಿನ್ನ ಮುಖ ನೋಡುವ ಆಸೆಯೂ ಇಲ್ಲ. ಆದರೂ ನೀನು ರಜೆ ಹಾಕಿ ಬಾ. ಅವರ ಮುಂದೆ ಕೂತು, ನಿನ್ನ ಬಾಯಿಂದ ಹೇಳು. ಊಟ ಆಯ್ತಾ ಮಗಾ ಅಂದರೆ ಇಲ್ಲ ಅನ್ನು, ನನ್ನ ಬೆಂದ ತರಕಾರಿ ಬಡಿಸುತ್ತೇನೆ, ಅವರ ತಟ್ಟೆಯ ಪಕ್ಕ ತಟ್ಟೆ ಇಟ್ಟುಕೊಂಡು ಅದನ್ನೇ ತಿನ್ನು. ನೀನು ತಿಂದರೆ ಅವರೂ ತಿನ್ನುತ್ತಾರೆ. ನನಗೆ ಬೇರೆ ದಾರಿ ಕಾಣುತ್ತಿಲ್ಲ.

ಬಸ್ ಸ್ಟ್ಯಾಂಡಿಗೆ ನಾನೇ ಕಾರು ತರುತ್ತೇನೆ. ತಾಯಿಯ ಮನೆಗೆ ಹೋಗುವಾಗ ಏನಾದರೂ ಹಿಡಿದುಕೊಂಡು ಹೋಗಬೇಕೆಂದು ನಿನಗೆ ಅನ್ನಿಸುತ್ತದೆ, ನನಗೆ ಗೊತ್ತು. ಬರಿಗೈಯಲ್ಲಿ ಬಾ.

ಅತ್ತಿಗೆ